ಆಯ್ತಪ್ಪನ ಮರಗೆಲಸ

ಶನಿವಾರ ಬೆಳಿಗ್ಗೆ ಏಳೂವರೆಗೆ ಅಡುಗೆಮನೆಯ ಶೆಲ್ಫು ಬಿತ್ತು. ಒಂದೇ ಸಲಕ್ಕೆ ಬೀಳಲಿಲ್ಲ. ಮೊದಲು ಎಡಗಡೆಯ ಮೊಳೆ ಗೋಡೆಯಿಂದ ಮೆಲ್ಲಗೆ ತಲೆ ಹೊರಹಾಕಿ ಸುತ್ತಲೂ ನೋಡಿತು. ಆಮೇಲೆ ಹಲಗೆ ವಾಲಿತು. ಮೇಲಿದ್ದ ಹನ್ನೊಂದು ಡಬ್ಬಗಳು ಗಂಟೆ ಹೊಡೆದ ಮೇಲೆ ಶಾಲೆ ಬಿಟ್ಟ ಮಕ್ಕಳ ಹಾಗೆ ಒಂದನ್ನೊಂದು ತಳ್ಳಿಕೊಂಡು ಇಳಿದವು. ಎಲ್ಲರೂ ಇಳಿದಾದ ಮೇಲೆ ಹಲಗೆಯೂ ಇಳಿದು, ತನ್ನನ್ನು ಗೋಡೆಗೆ ಹೊಡೆದು ನಿಲ್ಲಿಸಿದ್ದವನ ಬಲಗಾಲಿನ ಹೆಬ್ಬೆರಳನ್ನು ಹುಡುಕಿಕೊಂಡು ಹೋಗಿ ಅದರ ಮೇಲೆ ಕೂತಿತು.

ಹಾಗೆ ಹೊಡೆದು ನಿಲ್ಲಿಸಿದ್ದವನೇ ಆಯ್ತಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಆದರೆ ಅದು ಈಗ ಕಚೇರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿತ್ತು. ಲಿಫ್ಟು ಕೂರಿಸುವ ಕಂಪನಿಯೊಂದರಲ್ಲಿ ದೂರಿನ ಫೋನು ಎತ್ತುವುದು ಅವನ ಕೆಲಸ. ಲಿಫ್ಟು ನಿಂತುಹೋದವರು, ಲಿಫ್ಟಿನೊಳಗೇ ನಿಂತುಹೋದವರು, ಎಲ್ಲರೂ ಅವನಿಗೇ ಫೋನು ಮಾಡಿ ಬೈಯುತ್ತಿದ್ದರು. ಹದಿನೇಳು ವರ್ಷದಿಂದ ಅವನು ಎಲ್ಲರಿಗೂ "ಆಯ್ತು ಸಾರ್, ಆಯ್ತಮ್ಮ" ಎಂದೇ ಹೇಳಿಕೊಂಡು ಬಂದಿದ್ದ. ಕಚೇರಿಯಲ್ಲಿ ಹುಟ್ಟಿದ ಅಡ್ಡಹೆಸರು ಅವನ ಹಿಂದೆಯೇ ನಡೆದುಕೊಂಡು ಮನೆತನಕ ಬಂದು ಅಲ್ಲೇ ಉಳಿಯಿತು. ಅವನಿಗೂ ಬೇಸರವಿರಲಿಲ್ಲ. 'ಮೈಗೆ ಸರಿಯಾಗಿ ಹೊಲಿದ ಅಂಗಿಯನ್ನು ಬೇಡ ಅನ್ನೋದು ಹೇಗೆ' ಎಂದುಕೊಳ್ಳುತ್ತಿದ್ದ.

ಸದ್ದಿಗೆ ಹೆಂಡತಿ ಬಂದಳು. ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವಳು; ನೋಟವೂ ಅಳತೆ ತೆಗೆದುಕೊಳ್ಳುವ ಹಾಗೆಯೇ.

"ಕಾಲಿಗೆ ಪೆಟ್ಟಾಯ್ತಾ?"

"ಹೆಬ್ಬೆರಳಿಗೆ ಸ್ವಲ್ಪ."

"ಇದು ನಾಲ್ಕನೇ ಸಲ ಬೀಳ್ತಿರೋದು. ಬಡಗಿ ಕರೆಸೋಣ ಅಂದ್ರೆ ನಾನಿಲ್ವಾ ಅಂದ್ರಿ."

"ನಾನಿದ್ದೆನಲ್ಲ, ಅದಕ್ಕೇ ಬಿತ್ತು," ಎಂದ ಆಯ್ತಪ್ಪ, ಉಗುರು ಉಜ್ಜಿಕೊಳ್ಳುತ್ತ.

ಅವಳು ನಗಲಿಲ್ಲ. ಬಾಗಿಲ ಸಂದಿಯಲ್ಲಿ ಯಾರೋ ತುರುಕಿ ಹೋಗಿದ್ದ ಹಳದಿ ಕಾಗದವನ್ನು ತಂದು ಅವನ ಕೈಗೆ ಕೊಟ್ಟಳು. ಬೀದಿಯ ಕೊನೆಯ ಕಾಲೇಜಿನದು. ದುಡಿಯುವವರಿಗಾಗಿ ವಾರಕ್ಕೊಂದು ದಿನದ ಕೋರ್ಸುಗಳು, ಎಲ್ಲವೂ ಮೊದಲ ಮೆಟ್ಟಿಲಿನವು. ಮರಗೆಲಸದ ಪರಿಚಯ, ಬೆಸುಗೆಯ ಪರಿಚಯ, ಅಡುಗೆಮನೆ ನಿರ್ವಹಣೆಯ ಪರಿಚಯ, ಚಿತ್ರಕಲೆ, ನಾಟಕ, ಮಕ್ಕಳ ಪಾಲನೆ, ವೃದ್ಧರ ಆರೈಕೆ, ಆಪ್ತಸಮಾಲೋಚನೆ, ಹೀಗೆ ಎಲ್ಲದರದ್ದೂ ಪರಿಚಯ. ಮೊದಲ ಪಾಠ ಇವತ್ತೇ, ಹತ್ತಕ್ಕೆ.

"ಹೋಗಿ ಮರಗೆಲಸಕ್ಕೆ ಸೇರ್ಕೊಳ್ಳಿ. ಒಂದು ಮೊಳೆ ನೆಟ್ಟಗೆ ಹೊಡೆಯೋದು ಕಲಿತ್ರೆ ಸಾಕು."

"ಆಯ್ತು," ಎಂದ ಆಯ್ತಪ್ಪ.

ಹೊರಡುವಾಗ ಹಜಾರದ ದಿವಾನದ ಮೇಲೆ ಭಾವಮೈದ ಮಲಗಿದ್ದ. ಎರಡು ದಿನಕ್ಕೆಂದು ಬಂದು ಎರಡು ವರ್ಷ ತುಂಬಿಸಿದವನು. ಹಾಸಿಗೆ ಮಾರುವ ಅಂಗಡಿಯಲ್ಲಿ ಅವನಿಗೆ ಕೆಲಸ. ಸರಕನ್ನು ಮಲಗಿ ಪರೀಕ್ಷಿಸುವ ಅಭ್ಯಾಸವನ್ನು ಮನೆಗೂ ತಂದಿದ್ದ. ಅವನ ಜೊತೆ ಬಂದಿದ್ದ ಆನೆಗಾತ್ರದ ಬೀರು ಕಿಟಕಿಯನ್ನು ಮುಚ್ಚಿ ನಿಂತಿತ್ತು. ಆ ಹಜಾರಕ್ಕೆ ಬೆಳಕು ಬರದೆ ಎರಡು ವರ್ಷವಾಗಿತ್ತು.

ಕಾಲೇಜಿನ ವಿಚಾರಣೆ ಕಿಟಕಿಯಲ್ಲಿ ಒಬ್ಬಾಕೆ ಕಿವಿಗೆ ಫೋನು ಒತ್ತಿಕೊಂಡು ಕೂತಿದ್ದಳು. ಆಯ್ತಪ್ಪ ಬಗ್ಗಿ, "ಮರಗೆಲಸದ ತರಗತಿ ಎಲ್ಲಿ?" ಎಂದ. ಆಕೆ ಅವನತ್ತ ನೋಡುತ್ತಲೇ, "ಮಹಡಿ ಮೇಲೆ, ಇಪ್ಪತ್ತೊಂದನೇ ಕೋಣೆ, ಬೇಗ ಹೋಗಿ, ಶುರುವಾಗ್ತಿದೆ," ಎಂದಳು. ಅದನ್ನು ಆಕೆ ಹೇಳಿದ್ದು ಫೋನಿನಲ್ಲಿದ್ದವರಿಗೆ ಎಂಬ ಅನುಮಾನ ಅವನಿಗೆ ಮೆಟ್ಟಿಲ ನಡುವೆ ಬಂತು. ವಾಪಸ್ಸು ಇಳಿದು ಇನ್ನೊಮ್ಮೆ ಕೇಳಿದರೆ ಆಕೆಗೆ ತೊಂದರೆಯಲ್ಲವೇ ಎಂದು ಹತ್ತುತ್ತಲೇ ಹೋದ.

ಇಪ್ಪತ್ತೊಂದನೇ ಕೋಣೆಯಲ್ಲಿ ಗರಗಸವಿರಲಿಲ್ಲ, ಮರದ ಹೊಟ್ಟಿರಲಿಲ್ಲ. ಹತ್ತು ಹನ್ನೆರಡು ಮಂದಿ ದುಂಡಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ನಡುವೆ ಒಂದು ಖಾಲಿ ಕುರ್ಚಿ. ಕಪ್ಪು ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿತ್ತು: 'ಸಮಾಲೋಚನೆಯ ಕೋಣೆ. ನೊಂದವರೊಬ್ಬರು ಬರುತ್ತಾರೆ. ಉಳಿದವರು ಕೇಳಿಸಿಕೊಳ್ಳುತ್ತಾರೆ.'

ಕೋಣೆ ತಪ್ಪಿತು ಎಂದು ಗೊತ್ತಾಗಲು ಅಷ್ಟು ಸಾಕಾಗಿತ್ತು. ಅವನು ಒಂದು ಹೆಜ್ಜೆ ಹಿಂದೆ ಇಡುವಷ್ಟರಲ್ಲಿ, ಕೂದಲು ನೆರೆತ ಟೀಚರಮ್ಮ ಕೈಚಾಚಿ, "ಬನ್ನಿ, ನಿಮಗೇ ಕಾಯ್ತಿದ್ವಿ. ಆ ನಡುವಿನ ಕುರ್ಚಿ ನಿಮ್ಮದು," ಎಂದರು. ಹನ್ನೆರಡು ಜೊತೆ ಕಣ್ಣು ಅವನ ಮೇಲೆ ಬಿತ್ತು. ಇಷ್ಟು ಜನಕ್ಕೆ ನಿರಾಸೆ ಮಾಡುವ ಎದೆ ಅವನಿಗೆಲ್ಲಿಂದ ಬರಬೇಕು. "ಆಯ್ತು," ಎಂದು ಕೂತ.

ಎದುರಿಗೆ ದಪ್ಪ ಕನ್ನಡಕದ ಹುಡುಗಿಯೊಬ್ಬಳು ಮುಂದೆ ಬಾಗಿದಳು. "ಹೇಳಿ. ಏನಾಯ್ತು?"

ಸುಳ್ಳು ಹೇಳಲು ಹೊತ್ತಿರಲಿಲ್ಲ. "ಶೆಲ್ಫು ಬಿತ್ತು," ಎಂದ.

ಕೋಣೆ ಗಂಭೀರವಾಯಿತು. ಪಕ್ಕದಲ್ಲಿದ್ದ ಗಿರಿಜಾಮೀಸೆಯ ಬಸ್ಸು ಡ್ರೈವರು ಖಾಕಿ ಅಂಗಿಯಲ್ಲೇ ಬಂದಿದ್ದ. ಲೊಚಗುಟ್ಟಿ ತಲೆ ತಗ್ಗಿಸಿದ.

"ಬಿದ್ದಾಗ ಎಲ್ಲಿ ನೋವಾಯ್ತು?" ಹುಡುಗಿ ಕೇಳಿದಳು.

"ಹೆಬ್ಬೆರಳಿಗೆ."

"ಅದಕ್ಕಿಂತ ಒಳಗೆ?"

ಅವನು ಯೋಚಿಸಿದ. "ಉಗುರಿನ ಕೆಳಗೆ."

"ಅಷ್ಟು ಭಾರ ಯಾಕೆ ಇಟ್ರಿ ಅದರ ಮೇಲೆ?"

"ನಾನಿಡಲಿಲ್ಲ. ಎಲ್ರೂ ಬರ್ತಾ ಹೋಗ್ತಾ ಒಂದೊಂದು ಇಟ್ರು."

"ಇಡಬೇಡಿ ಅಂತ ಯಾರೂ ಹೇಳಲಿಲ್ವಾ?"

ಇವಳು ಶೆಲ್ಫಿನ ಮಾತಾಡುತ್ತಿಲ್ಲ ಎಂದು ಆಯ್ತಪ್ಪನಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದೇ ತಡ, ಎದೆಯೊಳಗೆ ಇನ್ನೊಂದು ಮೊಳೆ ಸಡಿಲವಾಯಿತು. ಅವನು ಹೇಳತೊಡಗಿದ. ಹದಿನೇಳು ವರ್ಷದ ಬೈಗುಳ, ಫೋನಿಲ್ಲದ ಒಂದು ಮೇಜಿಗಾಗಿ ಹನ್ನೊಂದು ವರ್ಷದಿಂದ ಹಾಕಿದ ಅರ್ಜಿ, ಸಂಜೆಯಾದರೆ ತಮ್ಮ ಜೀವನಚರಿತ್ರೆ ಓದಿ ಹೇಳುವ ಎದುರುಮನೆ ಮೇಷ್ಟ್ರು, ಕಿಟಕಿ ಮುಚ್ಚಿದ ಬೀರು.

"ಸ್ವಲ್ಪ ಜೋರಾಗಿ," ಎಂದರು ಟೀಚರಮ್ಮ ಹಿಂದಿನಿಂದ. "ಕೊನೇ ಕುರ್ಚಿಯವರಿಗೂ ಕೇಳಲಿ."

ಜೀವಮಾನದಲ್ಲಿ ಅವನಿಗೆ ಜೋರಾಗಿ ಮಾತಾಡು ಎಂದವರು ಅವರೇ ಮೊದಲು. ಅವನು ದನಿ ಎತ್ತಿದ.

"ನನ್ನ ಹೆಂಡತಿ ಒಳ್ಳೆಯವಳು. ಅವಳು ಏನನ್ನೂ ಕೇಳಲ್ಲ. ಕೇಳೋರ ಸರದಿಯಲ್ಲಿ ಅವಳು ಯಾವಾಗಲೂ ಕೊನೇಲಿ ನಿಂತಿರ್ತಾಳೆ. ಅವಳ ಸರದಿ ಬರೋ ಹೊತ್ತಿಗೆ ನಾನು ಖರ್ಚಾಗಿ ಹೋಗಿರ್ತೀನಿ."

ಅಷ್ಟು ಹೇಳಿ ಅತ್ತುಬಿಟ್ಟ. ಕೈವಸ್ತ್ರಕ್ಕೆ ಮೂಗೊತ್ತಿದ ಡ್ರೈವರನ ಕಣ್ಣಲ್ಲೂ ನೀರು ಧಾರಾಕಾರ. ಕನ್ನಡಕದ ಹುಡುಗಿ ಒಮ್ಮೆ ಟೀಚರಮ್ಮನ ಕಡೆ ನೋಡಿ, ಅವನ ಎರಡೂ ಕೈ ಹಿಡಿದುಕೊಂಡು ಹೇಳಿದಳು: "ಇವತ್ತಿನಿಂದ ಯಾರು ಏನೇ ಕೇಳಲಿ, ಮೊದಲು ಇಲ್ಲ ಅನ್ನಿ. ಆಮೇಲೆ ಕೇಳಿಸ್ಕೊಳ್ಳಿ."

"ಸಾಕು," ಎಂದರು ಟೀಚರಮ್ಮ. "ಮೊದಲ ದಿನಕ್ಕೆ ತುಂಬ ಚೆನ್ನಾಗಾಯ್ತು. ನಾಲ್ಕಕ್ಕೆ ಮತ್ತೆ ಸೇರೋಣ."

ಆಯ್ತಪ್ಪ ಕಣ್ಣೊರೆಸಿಕೊಂಡು ಹೊರಗೆ ಬಂದಾಗ ಮೈ ಹತ್ತಿಯಷ್ಟು ಹಗುರವಾಗಿತ್ತು. ಐವತ್ತೊಂದು ವರ್ಷ ನನ್ನನ್ನು ನಾನೇ ಕಾಲೊರೆಸು ಮಾಡಿಕೊಂಡಿದ್ದೆನಲ್ಲ, ಅದೂ 'ಸುಸ್ವಾಗತ' ಎಂದು ಬರೆದ ಕಾಲೊರೆಸು ಎಂದುಕೊಂಡು ತನ್ನಷ್ಟಕ್ಕೆ ನಕ್ಕ.

ಮನೆಯಿದ್ದ ಕಟ್ಟಡದ ಬಾಗಿಲಲ್ಲೇ ಎದುರುಮನೆ ಮೇಷ್ಟ್ರು ಸಿಕ್ಕರು. ನಿವೃತ್ತರಾದ ಮೇಲೆ ಅವರಿಗೆ ಶಿಷ್ಯನಾಗಿ ಉಳಿದವನು ಆಯ್ತಪ್ಪ ಒಬ್ಬನೇ. ಕಂಕುಳಲ್ಲಿ ಕಾಗದದ ಕಂತೆ.

"ಬಂದ್ಯೇನಪ್ಪಾ. ಇವತ್ತು ಸಂಜೆ..."

"ಇಲ್ಲ."

ಮೇಷ್ಟ್ರ ಬಾಯಿ ಅಂಚೆ ಡಬ್ಬಿಯ ಹಾಗೆ ತೆರೆದೇ ಉಳಿಯಿತು. "ನಾನಿನ್ನೂ ಏನೂ ಹೇಳೇ ಇಲ್ವಲ್ಲೋ."

"ಗೊತ್ತು ಮೇಷ್ಟ್ರೇ. ಆದರೂ ಇಲ್ಲ."

ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಮೂರನೇ ನೆಗೆತಕ್ಕೆ ಹೆಬ್ಬೆರಳು ತಾನಿದ್ದೇನೆಂದು ನೆನಪಿಸಿತು. ಮೇಷ್ಟ್ರು ಕೆಳಗೇ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದವರು, ನೇರ ಒಂದನೇ ಮಹಡಿಯ ನರ್ಸಕ್ಕನ ಮನೆ ಬಾಗಿಲು ತಟ್ಟಿದರು.

ಮನೆಯಲ್ಲಿ ಪವಾಡವೊಂದು ನಡೆದಿತ್ತು. ಭಾವಮೈದ ಎದ್ದಿದ್ದ. ಸ್ನಾನ ಮಾಡಿ, ಇಸ್ತ್ರಿ ಹಾಕಿದ ಅಂಗಿ ತೊಟ್ಟು, ತೋಳು ಮಡಚಿ ನಿಂತಿದ್ದ.

"ಭಾವ, ನಿಮ್ಮ ದಾರೀನೇ ಕಾಯ್ತಿದ್ದೆ. ಒಂದು ಸಣ್ಣ ಸಹಾಯ..."

"ಇಲ್ಲ."

"ಅರ್ಧ ಗಂಟೆ ಅಷ್ಟೇ ಭಾವ."

"ಅರ್ಧ ನಿಮಿಷಾನೂ ಇಲ್ಲ."

ಭಾವಮೈದ ಜೇಬಿನಿಂದ ಫೋನು ತೆಗೆದ. "ಹಲೋ, ಗಾಡಿ ಬೇಡಪ್ಪ. ಬೀರು ಇಳಿಸೋಕೆ ಇನ್ನೊಂದು ಕೈ ಸಿಗಲಿಲ್ಲ. ಆ ಮನೆ ಮಾಲೀಕರಿಗೂ ಹೇಳ್ಬಿಡು, ಬೇರೆಯವರಿಗೆ ಕೊಟ್ಕೊಳ್ಳಲಿ." ಇಸ್ತ್ರಿ ಅಂಗಿ ಕಳಚಿ ಬೀರುವಿನ ಮೇಲೆ ಎಸೆದು ದಿವಾನದಲ್ಲಿ ಒರಗಿದ.

"ಯಾವ ಮನೆ?" ಎಂದ ಆಯ್ತಪ್ಪ. ಅವನ ದನಿ ಅವನಿಗೇ ಕೇಳಲಿಲ್ಲ.

"ಬಾಡಿಗೆಗೆ ಹಿಡಿದಿದ್ದೆ. ನಿಮಗೂ ಅಕ್ಕನಿಗೂ ಕೊನೇಲಿ ಹೇಳಿ ಖುಷಿಪಡಿಸೋಣ ಅಂತಿದ್ದೆ. ಹೋಗಲಿ ಬಿಡಿ ಭಾವ. ಇನ್ನೊಬ್ಬರ ಹತ್ರ ಹಲ್ಲುಗಿಂಜೋದಕ್ಕಿಂತ ಇಲ್ಲಿರೋದೇ ವಾಸಿ."

"ಏಳಪ್ಪಾ, ನಾನೊಬ್ಬನೇ ಹೊತ್ಕೊಂಡು ಹೋಗ್ತೀನಿ ಅದನ್ನ."

"ಗಾಡಿಯವನು ಬೇರೆ ಕಡೆ ಒಪ್ಕೊಂಡಾಯ್ತು," ಎಂದು ಅವನು ಗೋಡೆಯತ್ತ ಹೊರಳಿದ.

ಆಯ್ತಪ್ಪ ಅಡುಗೆಮನೆಗೆ ಹೋಗಿ, ಬಿದ್ದ ಡಬ್ಬಗಳ ನಡುವೆ ನಿಂತು ಒಂದು ಲೋಟ ನೀರು ಕುಡಿದ. ಔಷಧಿ ಅಂದಮೇಲೆ ಮೊದಲ ಗುಟುಕು ಕಹಿಯೇ ಎಂದು ಸಮಾಧಾನ ಹೇಳಿಕೊಂಡ. ಅದೇ ಹೊತ್ತಿಗೆ ಫೋನು ಬಂತು. ಕಂಪನಿಯ ಸಾಹೇಬರು. ಶನಿವಾರ ಅವರು ಫೋನು ಮಾಡುವುದೆಂದರೆ ಭಾನುವಾರಕ್ಕೆ ಮಣ್ಣು ಎಂದೇ ಅರ್ಥ.

"ರಜೆ ದಿನ ತೊಂದರೆ ಕೊಡ್ತಿದ್ದೀನಿ. ಸೋಮವಾರದಿಂದ ನೀವು..."

"ಇಲ್ಲ ಸಾರ್."

"ಪೂರ್ತಿ ಕೇಳಿ ಆಮೇಲೆ ಹೇಳಿ."

"ಮೊದಲು ಇಲ್ಲ ಸಾರ್. ಆಮೇಲೆ ಕೇಳ್ತೀನಿ."

"ಸರಿ," ಎಂದರು ಸಾಹೇಬರು. "ಹಳೇ ದಾಖಲೆ ಕೋಣೆಯಲ್ಲಿ ಮೇಜು ಖಾಲಿಯಾಯ್ತು. ಅಲ್ಲಿ ಫೋನಿಲ್ಲ. ಇಷ್ಟು ವರ್ಷದಿಂದ ಅರ್ಜಿ ಹಾಕಿದ್ರಲ್ಲ ಅಂತ ಮೊದಲು ನಿಮ್ಮನ್ನೇ ಕೇಳಿದೆ. ಬೇಡ ಅಂದ್ರೆ ಆ ಹೊಸ ಹುಡುಗನ ಹೆಸರು ಕಳಿಸ್ತೀನಿ. ಐದು ಗಂಟೆಯೊಳಗೆ ಕಳಿಸ್ಬೇಕು."

"ಸಾರ್, ಆಮೇಲೆ ಕೇಳಿಸ್ಕೊಂಡೆ ಸಾರ್, ಈಗ..." ಎನ್ನುವಷ್ಟರಲ್ಲಿ ಫೋನು ಇಟ್ಟಾಗಿತ್ತು. ತಿರುಗಿ ಮಾಡಿದ. ಕಾರ್ಯನಿರತ. ಮತ್ತೆ ಮಾಡಿದ. ಮತ್ತೆ ಕಾರ್ಯನಿರತ. ಹದಿನೇಳು ವರ್ಷದಲ್ಲಿ ಎಷ್ಟು ಜನ ಲಿಫ್ಟಿನಲ್ಲಿ ನಿಂತು ತನ್ನ ನಂಬರಿಗೆ ಹೀಗೆ ಒತ್ತಿರಬಹುದೆಂದು ಅವನಿಗೆ ಅಂದು ಮೊದಲ ಸಲ ಹೊಳೆಯಿತು.

ಅಷ್ಟರಲ್ಲಿ ಮೇಷ್ಟ್ರು ನರ್ಸಕ್ಕನನ್ನು ಕರೆದುಕೊಂಡು ಬಂದರು. ಹಿಂದೆ ಕಟ್ಟಡದ ಕಾವಲುಗಾರನೂ, ಏನೆಂದು ನೋಡಲು ಬಂದ ಇನ್ನಿಬ್ಬರೂ. ನರ್ಸಕ್ಕ ಸರಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ದುಡಿದವರು. ನೋಡಿದವರೆಲ್ಲ ಅವರ ಕಣ್ಣಿಗೆ ಅರ್ಧ ರೋಗಿಗಳೇ.

"ಶೆಲ್ಫು ತಲೆ ಮೇಲೆ ಬಿತ್ತಂತೆ," ಎಂದರು ಅವರು, ಅವನನ್ನು ಕುರ್ಚಿಗೆ ಒತ್ತಿ ಕೂರಿಸುತ್ತ.

"ಕಾಲ ಮೇಲೆ ಅಕ್ಕಾ."

"ಪಾಪ, ತಲೆ ಯಾವುದು ಕಾಲು ಯಾವುದು ಅಂತಾನೂ ತಿಳೀತಿಲ್ಲ," ಎಂದರು ಮೇಷ್ಟ್ರು. "ಈಗಷ್ಟೇ ನನಗೇ ಇಲ್ಲ ಅಂದ. ನನಗೆ."

ನರ್ಸಕ್ಕ ಅವನ ಕಣ್ಣಿಗೆ ಟಾರ್ಚು ಬಿಟ್ಟರು. ಎರಡು ಬೆರಳು ಎತ್ತಿ, "ಇದು ಎಷ್ಟು, ಹೇಳು," ಎಂದರು. ಫೋನನ್ನೇ ನೋಡುತ್ತಿದ್ದ ಆಯ್ತಪ್ಪನ ಬಾಯಿಂದ ಹೊಸ ಅಭ್ಯಾಸ ತಾನಾಗಿ ಹೊರಬಿತ್ತು: "ಇಲ್ಲ."

"ಬೆರಳೇ ಇಲ್ಲವಂತೆ," ಎಂದ ಕಾವಲುಗಾರ ಬಾಗಿಲಲ್ಲಿದ್ದವರಿಗೆ. ಸುದ್ದಿ ಮೆಟ್ಟಿಲು ಇಳಿದು ಹೋಯಿತು.

ಆಸ್ಪತ್ರೆಗೆ ನಡಿ ಎಂದು ಅವರು, ಒಲ್ಲೆ ಎಂದು ಇವನು. ಒಲ್ಲೆ ಎಂದಷ್ಟೂ ರೋಗ ಬಲಿಯುತ್ತಿತ್ತು. ಒಪ್ಪಿದರೆ ಫೋನು ಮಾಡಲು ಬಿಡುವುದಿಲ್ಲ, ಒಪ್ಪದಿದ್ದರೆ ಹುಚ್ಚು ಎನ್ನುತ್ತಾರೆ; ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು ಅವನದು. ನಾಲ್ಕು ಗಂಟೆಯಾದ ಮೇಲೆ ಹೆಂಡತಿ ಅಂಗಡಿಯಿಂದ ಬಂದು ಕೈಚೀಲ ಇಳಿಸಿದಳು. ದಿವಾನದಲ್ಲಿದ್ದ ತಮ್ಮನಿಂದ ಒಂದು ಕತೆ, ಮೇಷ್ಟ್ರಿಂದ ಇನ್ನೊಂದು, ಗಂಡನಿಂದ ಮೂರನೆಯದು ಕೇಳಿದಳು. ದಾಖಲೆ ಕೋಣೆಯ ಮೇಜಿನ ಮಾತು ಬಂದಾಗ ಮಾತ್ರ ಅವಳು ಕಣ್ಣು ಮುಚ್ಚಿದಳು.

"ಯಾರು ಹೇಳ್ಕೊಟ್ಟಿದ್ದು ನಿಮಗೆ ಇದನ್ನ?"

"ಕಾಲೇಜಿನಲ್ಲಿ. ಆಪ್ತಸಮಾಲೋಚನೆ ತರಗತಿ."

"ನಾನು ಕಳಿಸಿದ್ದು ಮರಗೆಲಸಕ್ಕೆ."

"ಹೌದು."

"ಮೊಳೆ ಹೊಡೆಯೋದು ಕಲೀರಿ ಅಂದ್ರೆ ಸಂಸಾರಕ್ಕೇ ಹೊಡ್ಕೊಂಡು ಬಂದ್ರಿ." ಚಪ್ಪಲಿ ಮೆಟ್ಟಿದಳು. "ನಡೀರಿ. ಆ ಹುಡುಗೀನೇ ನಿಮ್ಮ ಸಾಹೇಬರಿಗೆ ಹೇಳಲಿ, ತಾನು ಕೊಟ್ಟ ಔಷಧಿ ಅಂತ. ಓದಿದವಳು ಹೇಳಿದ್ರೆ ಕೇಳ್ತಾರೆ."

ಹೊರಟರು. ರೋಗಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲದೆ ನರ್ಸಕ್ಕನೂ, ಕತೆಯ ಕೊನೆ ತಪ್ಪಿಹೋದೀತೆಂದು ಮೇಷ್ಟ್ರೂ ಹಿಂದೆಯೇ ಬಂದರು. ದಾರಿಯುದ್ದಕ್ಕೂ ಆಯ್ತಪ್ಪ ಫೋನು ಒತ್ತುತ್ತಲೇ ಇದ್ದ. ಸಾಹೇಬರ ನಂಬರು ಈಗ ಬಡಿದುಕೊಳ್ಳುತ್ತಿತ್ತು, ಎತ್ತುವವರಿರಲಿಲ್ಲ.

ಇಪ್ಪತ್ತೊಂದನೇ ಕೋಣೆಯ ಬಾಗಿಲು ದೂಡಿದಾಗ ಎಲ್ಲರೂ ನಿಂತಲ್ಲೇ ನಿಂತರು. ಮೇಜಿನ ಮೇಲೆ ಗಿರಿಜಾಮೀಸೆಯ ಡ್ರೈವರು ಅಂಗಾತ ಮಲಗಿದ್ದ. ಎದೆತನಕ ಬಿಳಿ ಹೊದಿಕೆ, ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತ್ತು, ಉಸಿರು ಗೊರಗೊರ ಎನ್ನುತ್ತಿತ್ತು. ಕನ್ನಡಕದ ಹುಡುಗಿ ಅವನ ಕಾಲಿನ ಹತ್ತಿರ ಕೂತು ಬಿಕ್ಕುತ್ತಿದ್ದಳು.

"ಸರಿಯಿರಿ ಎಲ್ಲರೂ," ಎಂದು ನರ್ಸಕ್ಕ ಜನರನ್ನು ಎರಡೂ ಕೈಯಿಂದ ಸರಿಸಿ ಮುಂದೆ ನುಗ್ಗಿದರು. ಮಣಿಕಟ್ಟು ಹಿಡಿದು ನಾಡಿ ನೋಡಿದರು. ಹುಬ್ಬು ಗಂಟಿಕ್ಕಿತು. "ಇದೇನು, ಕುದುರೆ ಹಾಗೆ ಓಡ್ತಿದೆ."

ಸಾಯುತ್ತಿದ್ದವನು ಒಂದು ಕಣ್ಣು ತೆರೆದ. "ಇನ್ನೊಂದೇ ನಿಮಿಷ ಇರಿ ಅಕ್ಕಾ. ಈಗ ಸಾಯ್ತೀನಿ."

ಆಯ್ತಪ್ಪ ಕಪ್ಪು ಹಲಗೆ ನೋಡಿದ. ಬೆಳಗಿನ ಬರಹ ಅಳಿಸಿ ಬೇರೆ ಬರೆದಿತ್ತು: 'ಆಸ್ಪತ್ರೆಯ ವಾರ್ಡು. ಒಬ್ಬರು ಸಾಯುತ್ತಿದ್ದಾರೆ. ಉಳಿದವರು ಅಳುತ್ತಾರೆ.' ಅದರ ಮೇಲೆ, ಬೆಳಿಗ್ಗೆ ಬಾಗಿಲು ಅಡ್ಡವಾಗಿ ಅವನಿಗೆ ಕಾಣದಿದ್ದ ಮೂಲೆಯಲ್ಲಿ, ಸಣ್ಣಗೆ ಇನ್ನೊಂದು ಸಾಲು: 'ನಾಟಕಾಭಿನಯದ ಪರಿಚಯ. ಮೊದಲ ದಿನ.'

ಅವನು ಹುಡುಗಿಯತ್ತ ತಿರುಗಿದ. "ಅಂದ್ರೆ, ನೀವು ಸಮಾಲೋಚನೆ ಕಲಿಯೋರಲ್ಲ?"

"ನಾನು ಟೈರಂಗಡಿಯಲ್ಲಿ ಪಂಕ್ಚರ್ ಹಾಕೋಳು ಸಾರ್," ಎಂದಳು ಅವಳು ಕಣ್ಣೊರೆಸಿಕೊಂಡು.

"ಮತ್ತೆ, ಎಲ್ಲದಕ್ಕೂ ಇಲ್ಲ ಅನ್ನಿ ಅಂದಿದ್ದು?"

"ದೃಶ್ಯ ಮುಗಿಸು ಅಂತ ಟೀಚರ್ ಸನ್ನೆ ಮಾಡಿದ್ರು. ಬಾಯಿಗೆ ಬಂದದ್ದು ಹೇಳ್ಬಿಟ್ಟೆ." ಅವಳ ಮುಖ ಚಿಕ್ಕದಾಯಿತು. "ಯಾಕೆ ಸಾರ್, ಯಾರಿಗಾದ್ರೂ ಅಂದ್ರಾ?"

"ಬಸ್ಸಣ್ಣ, ನೀವು ಅತ್ತಿರಲ್ಲ?" ಎಂದ ಆಯ್ತಪ್ಪ.

ಡ್ರೈವರು ಮೇಜಿನ ಮೇಲೆ ಎದ್ದು ಕೂತು ಕೈವಸ್ತ್ರ ಬಿಡಿಸಿ ತೋರಿಸಿದ. ಒಳಗೆ ಅರ್ಧ ಈರುಳ್ಳಿ ಇತ್ತು.

ಟೀಚರಮ್ಮನಿಗೆ ಈಗಷ್ಟೇ ಅರ್ಥವಾಗತೊಡಗಿತು. "ತಾಳಿ. ಬೆಳಿಗ್ಗೆ ನೀವು ಹೇಳಿದ್ದು ಕಟ್ಟಿದ ಕತೆಯಲ್ವಾ?"

"ಅಲ್ಲ."

"ಅತ್ತಿದ್ದು?"

"ನಿಜವಾಗಿ ಅತ್ತೆ."

"ಹಾಗನ್ನಿಸಲಿಲ್ಲ," ಎಂದರು ಅವರು ಪ್ರಾಮಾಣಿಕವಾಗಿ. "ಮಾತು ಚೆನ್ನಾಗಿತ್ತು. ಅಳು ಮಾತ್ರ ನಂಬೋ ಹಾಗಿರಲಿಲ್ಲ. ತಪ್ಪು ತಿಳ್ಕೋಬೇಡಿ, ಮುಂದಿನ ವಾರ ಅದನ್ನ ತಿದ್ದೋಣ ಅಂತ ಬರ್ಕೊಂಡಿದ್ದೆ."

ಆಯ್ತಪ್ಪನಿಗೆ ನಗು ಬಂತು. ಸ್ವಂತ ದುಃಖವನ್ನೇ ನೆಟ್ಟಗೆ ಅಳಲಾರದವನು ಶೆಲ್ಫು ನೆಟ್ಟಗೆ ಹೊಡೆಯುತ್ತಾನೆಂದು ಹೆಂಡತಿ ಕಾಲೇಜಿಗೆ ಕಳಿಸಿದ್ದಳಲ್ಲ. ಅವಳು ಗಡಿಯಾರ ನೋಡುತ್ತಿದ್ದಳು.

"ಐದಕ್ಕೆ ಹತ್ತು ನಿಮಿಷ ಇದೆ," ಎಂದಳು. "ಇನ್ನೊಂದು ಸಲ ಫೋನ್ ಮಾಡಿ. ಆದದ್ದು ಆದ ಹಾಗೆ ಹೇಳಿ, ಸಾಕು."

ಅವನು ಒತ್ತಿದ. ಈ ಸಲ ಸಾಹೇಬರು ಎತ್ತಿದರು.

"ಸಾರ್, ನಾನು. ಕಳಿಸ್ಬಿಟ್ರಾ ಹೆಸರು?"

"ಈಗ ಬರೀತಿದ್ದೀನಿ. ಹೇಳಿ."

ಆಯ್ತಪ್ಪ ಹೇಳಿದ. ಬೆಳಿಗ್ಗೆಯದೆಲ್ಲ ಒಂದು ತಪ್ಪು ಎಂದ. ಆ ಮೇಜು ತನಗೆ ಬೇಕು ಎಂದ. ಬೇಕು ಎಂಬ ಮಾತನ್ನು ತಾನು ಯಾರ ಹತ್ತಿರವೂ ಬಾಯಿಬಿಟ್ಟು ಆಡಿದವನಲ್ಲ, ಅರ್ಜಿಯಲ್ಲಿ ಬರೆದದ್ದಷ್ಟೇ ಎಂದ. "ಹದಿನೇಳು ವರ್ಷದಿಂದ ಮನೆಗೆ ಹೋದ ಮೇಲೂ ಕಿವಿಯಲ್ಲಿ ಯಾರೋ ಬೈತಿರ್ತಾರೆ ಸಾರ್. ನನ್ನ ಹೆಂಡತಿ ಏನಾದ್ರೂ ಹೇಳಿದ್ರೆ ಅದರ ನಡುವೆ ಕೇಳಿಸೋದೇ ಇಲ್ಲ. ಅವಳು ಹೇಳೋದನ್ನೇ ಬಿಟ್ಟಿದ್ದಾಳೆ. ಒಂದು ಸಂಜೆ ಅವಳ ಮಾತು ಪೂರ್ತಿ ಕೇಳಿಸ್ಕೊಬೇಕು ಸಾರ್, ಅಷ್ಟೇ ನನಗೆ ಬೇಕಾಗಿರೋದು." ಅಳು ಬಂತು. ತಡೆಯಲು ನೋಡಿದ, ಆಗಲಿಲ್ಲ. ಕಣ್ಣೀರು ಮೂಗಿನ ತುದಿಯಿಂದ ಫೋನಿನ ಮೇಲೆ ಬಿತ್ತು.

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ನರ್ಸಕ್ಕ ಟಾರ್ಚು ಚೀಲಕ್ಕೆ ಹಾಕಿದರು. ಆ ಕಡೆ ಸಾಹೇಬರ ದನಿಯೂ ಮೆತ್ತಗಾಗಿತ್ತು.

"ಇಷ್ಟೆಲ್ಲ ಮನಸ್ಸಿನಲ್ಲಿ ಇಟ್ಕೊಂಡಿದ್ದೀರಿ ಅಂತ ನನಗೆ ಗೊತ್ತಿರಲಿಲ್ಲ. ಆಗಲಿ, ಆ ಮೇಜಿಗೆ ನಿಮ್ಮ..."

ಮೊದಲು ಚಪ್ಪಾಳೆ ತಟ್ಟಿದವನು ಡ್ರೈವರು. ಅವನ ಹಿಂದೆ ಪಂಕ್ಚರ್ ಹುಡುಗಿ. ಆಮೇಲೆ ಹನ್ನೆರಡು ಮಂದಿಯೂ ಎದ್ದು ನಿಂತು, ಕೋಣೆಯ ಗಾಜು ಅದುರುವಂತೆ ತಟ್ಟಿದರು. ಏನೆಂದು ತಿಳಿಯದಿದ್ದರೂ ಮೇಷ್ಟ್ರು ಸೇರಿಕೊಂಡರು.

ಚಪ್ಪಾಳೆ ನಿಂತ ಮೇಲೆ ಸಾಹೇಬರು 'ಅದೇನು ಸದ್ದು' ಎಂದು ಕೇಳಿದರು.

"ಚಪ್ಪಾಳೆ ಸಾರ್."

"ಯಾರದ್ದು? ಎಲ್ಲಿದ್ದೀರಿ ನೀವು?"

ಸುಳ್ಳು ಹೇಳುವುದು ಆಯ್ತಪ್ಪನಿಗೆ ಬರುತ್ತಿರಲಿಲ್ಲ. "ನಾಟಕದ ತರಗತಿಯಲ್ಲಿ ಸಾರ್."

"ಓಹೋ," ಎಂದರು ಸಾಹೇಬರು. ದನಿ ಮತ್ತೆ ಸಾಹೇಬರದ್ದಾಗಿತ್ತು. "ನಾನೂ ನಂಬಿಬಿಟ್ಟಿದ್ದೆ. ಬಹಳ ಚೆನ್ನಾಗಿ ಮಾಡಿದ್ರಿ ಕಣ್ರೀ. ಇಂಥ ದನಿ ಇರೋರನ್ನ ಫೋನಿನಿಂದ ಎಬ್ಬಿಸಿದ್ರೆ ಕಂಪನಿಗೇ ನಷ್ಟ. ಸೋಮವಾರ ಎಂಟಕ್ಕೆ ಬಂದ್ಬಿಡಿ."

ಫೋನು ಕಟ್ಟಾಯಿತು. ಆಯ್ತಪ್ಪ ಅದನ್ನು ಕಿವಿಯಿಂದ ಇಳಿಸದೆ ಹಾಗೇ ನಿಂತಿದ್ದ. ಕೆನ್ನೆ ಇನ್ನೂ ಒದ್ದೆಯಾಗಿತ್ತು. ಟೀಚರಮ್ಮ ಹತ್ತಿರ ಬಂದು, ಕನ್ನಡಕ ಏರಿಸಿಕೊಂಡು ಆ ಕೆನ್ನೆಯನ್ನು ಹತ್ತಿರದಿಂದ ನೋಡಿ, ಹೆಮ್ಮೆಯಿಂದ ಬೆನ್ನು ತಟ್ಟಿದರು.

"ಈ ಸಲ ಅಳು ಸರಿಯಾಗಿ ಬಂತು ನೋಡಿ," ಎಂದರು.